ಕತ್ತಿಯ ಸಾಣೆ, ತಂಬೂರಿಯ ಜವಾರಿ

ಪುಣೆಯ ಹಿಂದೂಸ್ತಾನಿ ಸಂಗೀತದ ಚರಿತ್ರೆ ಹೇಳುವವರು ಹಾಡಿದವರ ಹೆಸರಿನಿಂದ ಹೊರಟು ಹಾಡಿದವರ ಹೆಸರಿನಲ್ಲೇ ನಿಲ್ಲುತ್ತಾರೆ. 1874ರಲ್ಲಿ ಹುಟ್ಟಿದ ಪೂನಾ ಗಾಯನ ಸಮಾಜ, ಬೆಳಗಾವಿ ಸೀಮೆಯ ಗುರ್ಲಹೊಸೂರಿನ ಅಣ್ಣಾಸಾಹೇಬ ಕಿರ್ಲೋಸ್ಕರರು 1880ರಲ್ಲಿ ಪುಣೆಯಲ್ಲಿ ರಂಗಕ್ಕೇರಿಸಿದ ಶಾಕುಂತಲ ನಾಟಕ, 1911ರಲ್ಲಿ ಭಾಸ್ಕರಬುವಾ ಬಖಲೆ ಕಟ್ಟಿದ ಭಾರತ ಗಾಯನ ಸಮಾಜ, ಅದಾದ ಎರಡೇ ವರ್ಷಕ್ಕೆ ಅಬ್ದುಲ್ ಕರೀಂ ಖಾನರು ತೆರೆದ ಆರ್ಯ ಸಂಗೀತ ವಿದ್ಯಾಲಯ, ಅವರ ಶಿಷ್ಯ ಕುಂದಗೋಳದ ರಾಮಭಾವು ಸವಾಯಿ ಗಂಧರ್ವರಾಗಿ ಗಳಿಸಿದ ಕೀರ್ತಿ, ಸವಾಯಿ ಗಂಧರ್ವರ ನೆನಪಿಗೆಂದು 1953ರಲ್ಲಿ ಶುರುವಾದ ಉತ್ಸವ, ಗದಗಿನ ಭೀಮಸೇನ ಜೋಶಿಯವರು ಪುಣೆಯನ್ನೇ ಊರು ಮಾಡಿಕೊಂಡದ್ದು, ಇವೆಲ್ಲ ಸಂಗೀತಪ್ರಿಯ ಕನ್ನಡಿಗರಿಗೆ ಬಾಯಿಪಾಠ. ಈ ಎಲ್ಲರ ಹಿಂದೆ ಇಬ್ಬರು ಶಿಷ್ಯರು ಕೂತು ಎರಡು ತಂಬೂರಿ ಮೀಟುತ್ತಿದ್ದರು. ಆ ತಂಬೂರಿಗಳ ಮನೆ ಪುಣೆಯಿಂದ ದಕ್ಷಿಣಕ್ಕೆ, ಕೃಷ್ಣಾ ನದಿಯ ಸಮೀಪದ ಮಿರಜ ಎಂಬ ಸಣ್ಣ ಊರು. ಅಲ್ಲಿ ಆ ಕಸುಬನ್ನು 19ನೇ ಶತಮಾನದ ನಡುವಿನಲ್ಲಿ ನೆಲೆಗೊಳಿಸಿದವರು ಫರೀದಸಾಹೇಬ ಮತ್ತು ಅವರ ಸಹೋದರ ಮೊಹಿದ್ದೀನ. ಇಬ್ಬರೂ ಕತ್ತಿಗೆ ಸಾಣೆ ಹಿಡಿಯುವ ಶಿಕಲಗಾರ ಮನೆತನದವರು. ಅವರು ಆಯುಧ ಬಿಟ್ಟು ವಾದ್ಯ ಹಿಡಿದರು ಎಂದು ಕತೆ ಹೇಳುವುದು ರೂಢಿ. ನನ್ನ ವಾದ ಬೇರೆ: ಅವರು ಬಿಟ್ಟದ್ದು ಕತ್ತಿಯನ್ನಷ್ಟೇ, ಕತ್ತಿಯ ಮೇಲೆ ಪಳಗಿದ ಕೈಯನ್ನು ಬಿಡಲಿಲ್ಲ. ತಂಬೂರಿಗೆ ದನಿ ಬಂದದ್ದು ಆ ಕೈಯಿಂದ. ಪುಣೆಯಲ್ಲಿ ನೆಲೆಯೂರಿದ ಗಾಯನದ ಚರಿತ್ರೆಯಲ್ಲಿ ಅದಕ್ಕೆ ಗಾಯಕರ ಪಕ್ಕದಲ್ಲೇ ಜಾಗ ಸಲ್ಲಬೇಕು.

ಫರೀದಸಾಹೇಬರ ಬಗ್ಗೆ ಜನರ ನೆನಪಿನಲ್ಲಿ ಉಳಿದಿರುವುದು ಕೆಲವೇ ಸಂಗತಿ. ಮಿರಜದ ಪಟವರ್ಧನ ಸಂಸ್ಥಾನಿಕರ ಆಶ್ರಯ ಅರಸಿ ಗವಾಯಿಗಳು, ಬೀನಕಾರರು ಬರುತ್ತಿದ್ದರು. ಅವರ ವಾದ್ಯ ಕೆಟ್ಟಾಗ ರಿಪೇರಿಗೆ ದೂರದ ಊರಿಗೆ ಕಳಿಸಬೇಕಾಗುತ್ತಿತ್ತು. ಊರಲ್ಲೇ ಇದ್ದ ಶಿಕಲಗಾರರ ಕೈಚಳಕ ಕಂಡು ಆ ಕೆಲಸ ಅವರಿಗೆ ಒಪ್ಪಿಸಲಾಯಿತು. ರಿಪೇರಿ ಮಾಡುತ್ತ ಮಾಡುತ್ತ ಅವರು ಹೊಸ ವಾದ್ಯ ಕಟ್ಟುವುದನ್ನು ಕಲಿತರು, 1850ರ ಸುಮಾರಿಗೆ ಅದೇ ಅವರ ಉದ್ಯೋಗವಾಯಿತು. ಮುಂದೆ ವಂಶದವರ ಅಡ್ಡಹೆಸರೇ ಸಿತಾರ್‌ಮೇಕರ್ ಎಂದಾಯಿತು. ಗಾಯಕನಿಗೆ ಶಿಷ್ಯರಿರುತ್ತಾರೆ, ಅವರು ಗುರುವಿನ ಚರಿತ್ರೆ ಬರೆಯುತ್ತಾರೆ. ಸಂಸ್ಥಾನಿಕನಿಗೆ ದಫ್ತರ ಇರುತ್ತದೆ. ಕುಶಲಕರ್ಮಿಗೆ ಇವೆರಡೂ ಇಲ್ಲ. ಪುಣೆಯ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯಕ್ಕೆ ಹೋದವರಿಗೆ ಇದು ಬೇಗ ಮನದಟ್ಟಾಗುತ್ತದೆ. ತೀರಿಕೊಂಡ ಮಗ ರಾಜಾನ ನೆನಪಿಗಾಗಿ ದಿನಕರ ಕೇಳಕರರು ದೇಶವೆಲ್ಲ ಅಲೆದು ಕೂಡಿಸಿದ 20,000ಕ್ಕೂ ಹೆಚ್ಚು ವಸ್ತುಗಳಲ್ಲಿ ದೀಪ, ಅಡಕೊತ್ತು, ಬಾಗಿಲುವಾಡ, ವಾದ್ಯ ಎಲ್ಲ ಇವೆ. ಅವನ್ನು ಬಳಸಿದ ಮನೆತನ, ಅವು ಸಿಕ್ಕ ಊರು, ಅವುಗಳ ಕಾಲ ನಮಗೆ ತಿಳಿಯಬಹುದು, ಮಾಡಿದವನ ಹೆಸರು ಮಾತ್ರ ಸಿಗುವುದು ಅಪರೂಪ. ಹೀಗಿರುವಾಗ ಒಬ್ಬ ಶಿಕಲಗಾರನ ಹೆಸರು ನೂರೆಪ್ಪತ್ತು ವರ್ಷ ಉಳಿದು ಬಂದದ್ದೇ ದೊಡ್ಡ ಸಂಗತಿ. ಅವನ ಚರಿತ್ರೆಯ ಉಳಿದ ಭಾಗವನ್ನು ಅವನು ಬಿಟ್ಟುಹೋದ ಕೆಲಸದಿಂದಲೇ ಓದಿಕೊಳ್ಳಬೇಕು.

ಮೊದಲು ಕಾಲದ ಲೆಕ್ಕ ಸರಿಮಾಡಿಕೊಳ್ಳೋಣ. ಮಿರಜದ ವಾದ್ಯಗಳಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕ ಸಂದರ್ಭದಲ್ಲಿ ಇದು ಮುನ್ನೂರು ವರ್ಷದ ಪರಂಪರೆ ಎಂಬ ಮಾತು ಪತ್ರಿಕೆಗಳಲ್ಲಿ ಬಂತು. ಫರೀದಸಾಹೇಬರ ಕಾಲ 1850 ಎಂದಾದರೆ ಮುನ್ನೂರು ವರ್ಷ ಎಲ್ಲಿಂದ ಬಂತು? ಒಂದು ಸುಳ್ಳು, ಇನ್ನೊಂದು ನಿಜ ಎಂದು ತೀರ್ಪು ಕೊಡುವ ಅವಸರ ಬೇಡ. ಮಿರಜ ಬಹಮನಿ ಕಾಲದಿಂದಲೂ ಕೋಟೆಯ ಊರು. ಬಿಜಾಪುರದ ಆದಿಲಶಾಹಿಗೆ ಅದು ಪಶ್ಚಿಮದ ಮುಖ್ಯ ಠಾಣೆ. ದಂಡು ಇದ್ದಲ್ಲಿ ಆಯುಧ, ಆಯುಧ ಇದ್ದಲ್ಲಿ ಶಿಕಲಗಾರ ಇದ್ದೇ ಇರುತ್ತಾನೆ. ಕುಶಲಕರ್ಮಿಯ ಮನೆಯಲ್ಲಿ ಪೀಳಿಗೆಯ ಲೆಕ್ಕ ನಡೆಯುವುದು ಮಾಡಿದ ವಸ್ತುವಿನಿಂದಲ್ಲ, ಹಿಡಿದ ಉಪಕರಣದಿಂದ. ಅಜ್ಜನ ಅಜ್ಜ ಹಿಡಿದದ್ದೂ ಅರ ಮತ್ತು ಸಾಣೆಕಲ್ಲು, ಮೊಮ್ಮಗ ಹಿಡಿದದ್ದೂ ಅದೇ. ಆದ್ದರಿಂದ ಮುನ್ನೂರು ಎಂಬುದನ್ನು ಕೈಯ ವಯಸ್ಸು ಎಂದೂ ನೂರೆಪ್ಪತ್ತು ಎಂಬುದನ್ನು ತಂಬೂರಿಯ ವಯಸ್ಸು ಎಂದೂ ಓದಿದರೆ ಎರಡೂ ಕೂಡಿ ಬರುತ್ತವೆ. ನನ್ನ ವಾದಕ್ಕೆ ಇದು ಮೊದಲ ಆಧಾರ.

ಶಿಕಲಗಾರನಿಗೆ ಕೆಲಸ ಇಲ್ಲವಾದ ಬಗೆಯಲ್ಲಿ ಪುಣೆಯ ಪಾತ್ರ ದೊಡ್ಡದು. ಪಟವರ್ಧನರು ಪೇಶ್ವೆಗಳ ಪ್ರಮುಖ ಸರದಾರರು. ಪರಶುರಾಮಭಾವು ಪಟವರ್ಧನರ ದಂಡು 1790ರಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿ ತಿಂಗಳುಗಟ್ಟಲೆ ಕೂತದ್ದು ನಮ್ಮ ಕಡೆಯವರಿಗೆ ಗೊತ್ತಿರುವ ಸಂಗತಿ. ಅಂಥ ಒಂದು ದಂಡಯಾತ್ರೆ ಹೊರಟಿತೆಂದರೆ ಹಿಂದಿನ ಊರಲ್ಲಿ ಎಷ್ಟು ಸಾಣೆಕಲ್ಲುಗಳು ತಿರುಗಿರಬೇಕು ಎಂದು ಊಹಿಸಬಹುದು. 1817ರ ನವೆಂಬರ್ 5ರಂದು ಪುಣೆಯ ಪಕ್ಕದ ಖಡಕಿಯಲ್ಲಿ ಪೇಶ್ವೆಯ ಸೈನ್ಯ ಸೋತಿತು, ಮರುವರ್ಷ ಪೇಶ್ವಾಯಿ ಮುಗಿಯಿತು. ಪಟವರ್ಧನರು ಕಂಪನಿಯ ಅಧೀನ ಸಂಸ್ಥಾನಿಕರಾದರು, 1820ರಲ್ಲಿ ಮಿರಜ ಹಿರಿಯ, ಕಿರಿಯ ಎಂದು ಎರಡಾಯಿತು. ಯುದ್ಧಕ್ಕೆ ಹೋಗುವ ಹಕ್ಕು ಕಳೆದುಕೊಂಡ ದೊರೆಗೆ ಕತ್ತಿ ಬೇಕಾದದ್ದು ದಸರೆಯ ಆಯುಧಪೂಜೆಗೆ, ಮದುವೆಯ ಮೆರವಣಿಗೆಗೆ. ಮೂವತ್ತು ವರ್ಷದಲ್ಲಿ ಒಂದು ಇಡೀ ಕಸುಬು ಗಿರಾಕಿಯಿಲ್ಲದೆ ಸೊರಗಿತು. ಅದರ ಮೇಲೆ ಬಂದದ್ದು 1857ರ ನಿಶ್ಶಸ್ತ್ರೀಕರಣದ ಕಾಯಿದೆ. ಆ ವರ್ಷದ ನವೆಂಬರಿನಲ್ಲಿ ಮುಧೋಳ ಸೀಮೆಯ ಹಲಗಲಿಯ ಬೇಡರು ಆಯುಧ ಒಪ್ಪಿಸುವುದಿಲ್ಲವೆಂದು ನಿಂತು ಸರಕಾರದ ಸೈನ್ಯದ ಕೈಯಲ್ಲಿ ಊರು ಸುಡಿಸಿಕೊಂಡರು. ಮುಂದಿನ ವರ್ಷ ಬಂಡೆದ್ದ ನರಗುಂದದ ದೊರೆ ಬಾಬಾಸಾಹೇಬರ ಕೊನೆಯಾಯಿತು. ಹಲಗಲಿ, ನರಗುಂದ, ಮಿರಜ ಮೂರೂ ಬ್ರಿಟಿಷರು ದಕ್ಷಿಣ ಮರಾಠಾ ದೇಶ ಎಂದು ಕರೆಯುತ್ತಿದ್ದ ಒಂದೇ ಪ್ರದೇಶಕ್ಕೆ ಸೇರಿದವು. ಹಲಗಲಿಯವರ ಉತ್ತರ ಲಾವಣಿಯಾಗಿ ಉಳಿದಿದೆ, ಉಳಿಯಬೇಕಾದದ್ದೇ. ಅದೇ ಸೀಮೆಯಲ್ಲಿ, ಅದೇ ದಶಕದಲ್ಲಿ, ಅದೇ ಸಂಕಟಕ್ಕೆ ಒಬ್ಬ ಶಿಕಲಗಾರ ಕಂಡುಕೊಂಡ ಉತ್ತರವನ್ನೂ ಅದರ ಜೊತೆಯಲ್ಲಿಟ್ಟು ನೋಡಬೇಕೆಂದು ನನಗನ್ನಿಸುತ್ತದೆ. ಆಯುಧ ಹೋದ ಮೇಲೂ ಆಯುಧದ ವಿದ್ಯೆ ಉಳಿಯಬಲ್ಲುದು ಎಂಬುದನ್ನು ಅವನು ಮಾಡಿ ತೋರಿಸಿದ.

ಆ ವಿದ್ಯೆ ಏನು? ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಬೇಕು, ವಾದದ ತಿರುಳು ಇರುವುದು ಇಲ್ಲೇ. ಶಿಕಲಗಾರ ಕತ್ತಿಯನ್ನು ಎರಕ ಹೊಯ್ಯುವವನಲ್ಲ, ಕಾಯಿಸಿ ಬಡಿಯುವ ಕಮ್ಮಾರನೂ ಅಲ್ಲ. ಅವನ ಕೆಲಸ ಪೂರ್ತಿ ಮೇಲ್ಮೈಯದು. ತುಕ್ಕು ಹಿಡಿದ, ಮೊಂಡಾದ ಅಲಗನ್ನು ತೆಗೆದುಕೊಂಡು, ಅದರ ಬಾಗು ಕೆಡದಂತೆ, ಒಂದು ಕಡೆ ಹೆಚ್ಚು ಒಂದು ಕಡೆ ಕಡಿಮೆ ಆಗದಂತೆ, ಲೋಹವನ್ನು ಕೂದಲೆಳೆಯಷ್ಟು ತೆಳ್ಳಗೆ ಉಜ್ಜಿ ಉಜ್ಜಿ ತೆಗೆಯಬೇಕು. ತೆಗೆದದ್ದನ್ನು ಮತ್ತೆ ಹಚ್ಚಲು ಬರುವುದಿಲ್ಲ. ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗಬೇಕು. ಈಗ ತಂಬೂರಿಗೆ ಬನ್ನಿ. ಅದರ ನಾಲ್ಕು ತಂತಿಗಳು ತಬಲಿಯ, ಎಂದರೆ ಬುರುಡೆಯ ಮುಂದಿನ ಹಲಗೆಯ, ನಡುವೆ ಕೂತ ಕುದುರೆಯ ಮೇಲೆ, ಮಿರಜದವರ ಮಾತಿನಲ್ಲಿ ಘೋಡಿಯ ಮೇಲೆ, ಹಾಯ್ದು ಹೋಗುತ್ತವೆ. ಪಿಟೀಲಿನ ಕುದುರೆಯ ಅಂಚು ಚೂಪು, ತಂತಿ ಅದನ್ನು ಒಂದೇ ಗೆರೆಯಲ್ಲಿ ಮುಟ್ಟುತ್ತದೆ. ತಂಬೂರಿಯ ಕುದುರೆ ಅಗಲವಾದ ಹಲಗೆ. ಎಲುಬಿನಲ್ಲೋ ಕೊಂಬಿನಲ್ಲೋ ಕರಿಮರದಲ್ಲೋ ಮಾಡಿದ ಆ ಹಲಗೆ ಚಪ್ಪಟೆಯಂತೆ ಕಂಡರೂ ಅದಕ್ಕೊಂದು ತೀರ ಸಣ್ಣ ಬಾಗು ಇರುತ್ತದೆ. ಮೀಟಿದ ತಂತಿ ಆ ಬಾಗನ್ನು ಸವರುತ್ತ, ಬಿಡುತ್ತ, ಮತ್ತೆ ಸವರುತ್ತ ಕಂಪಿಸುತ್ತದೆ. ಆಗ ಮೂಲ ಸ್ವರದ ಮೇಲೆ ಉಪಸ್ವರಗಳು ಒಂದರ ಹಿಂದೊಂದು ಅರಳುತ್ತವೆ. ಖರಜದ ಹಿತ್ತಾಳೆ ತಂತಿಯಿಂದ, ಯಾರೂ ಮೀಟದಿದ್ದ ಗಾಂಧಾರ ತಾನಾಗಿ ಕೇಳಿಸುವುದು ಹೀಗೆ. ಇದೇ ಜವಾರಿ. ತಂತಿ ಮತ್ತು ಕುದುರೆಯ ನಡುವೆ ಒಂದು ಎಳೆ ದಾರ ಸಿಕ್ಕಿಸಿ, ಅದನ್ನು ಹಿಂದೆ ಮುಂದೆ ಸರಿಸಿ, ಆ ಅರಳುವಿಕೆ ಎಲ್ಲಿ ಅತಿ ತುಂಬಿ ಬರುತ್ತದೋ ಅಲ್ಲಿ ನಿಲ್ಲಿಸುತ್ತಾರೆ. ಆದರೆ ದಾರ ಕೊನೆಯ ಸಣ್ಣ ಹೊಂದಾಣಿಕೆ ಮಾತ್ರ. ಕುದುರೆಯ ಬಾಗು ತಪ್ಪಾಗಿದ್ದರೆ ಯಾವ ದಾರವೂ ತಂಬೂರಿಯನ್ನು ಮಾತಾಡಿಸಲಾರದು. ಜವಾರಿ ತೆಗೆಯುವವನು ತಂತಿ ಸಡಿಲಿಸಿ ಅರದಿಂದ ಒಂದೆರಡು ಸಲ ಉಜ್ಜುತ್ತಾನೆ, ತಂತಿ ಏರಿಸಿ ಕೇಳುತ್ತಾನೆ, ಮತ್ತೆ ಸಡಿಲಿಸಿ ಉಜ್ಜುತ್ತಾನೆ. ಗಟ್ಟಿ ಪದಾರ್ಥದ ಮೇಲೆ ಕಣ್ಣಿಗೆ ಕಾಣದ ಬಾಗನ್ನು ಸಾಧಿಸುವುದು, ತೆಗೆದದ್ದನ್ನು ಮತ್ತೆ ಹಚ್ಚಲಾಗದ ಎಚ್ಚರದಲ್ಲಿ ಕೈ ಆಡಿಸುವುದು: ಇದು ಶಿಕಲಗಾರ ತಲೆಮಾರುಗಳಿಂದ ಮಾಡುತ್ತ ಬಂದ ಕೆಲಸವೇ. ಹೊಸದಾಗಿ ಸೇರಿದ್ದು ಕಿವಿ.

ಈ ಕೆಲಸದ ಗಹನತೆಯನ್ನು ವಿಜ್ಞಾನ ಗುರುತಿಸಿದ್ದು ಫರೀದಸಾಹೇಬರ ಕಾಲದಿಂದ ಸುಮಾರು ಎಪ್ಪತ್ತು ವರ್ಷ ಆದ ಮೇಲೆ. ಆಗ ಕಲ್ಕತ್ತೆಯಲ್ಲಿದ್ದ ಸಿ.ವಿ. ರಾಮನ್ 1921ರಲ್ಲಿ ಭಾರತದ ತಂತಿವಾದ್ಯಗಳ ಬಗ್ಗೆ ಒಂದು ಚಿಕ್ಕ ಪ್ರಬಂಧ ಪ್ರಕಟಿಸಿದರು. ತಂತಿಯನ್ನು ಯಾವ ಬಿಂದುವಿನಲ್ಲಿ ಮೀಟುತ್ತೇವೋ ಆ ಬಿಂದುವಿನಲ್ಲಿ ನಿಶ್ಚಲವಾಗಿರುವ ಉಪಸ್ವರಗಳು ಹುಟ್ಟಕೂಡದು ಎಂಬುದು ಯೂರೋಪಿನ ಭೌತಶಾಸ್ತ್ರ ಒಪ್ಪಿಕೊಂಡಿದ್ದ ನಿಯಮ. ವೀಣೆ ಮತ್ತು ತಂಬೂರಿಯಲ್ಲಿ ಆ ನಿಯಮ ನಿಲ್ಲುವುದಿಲ್ಲ, ಹುಟ್ಟಬಾರದ ಉಪಸ್ವರಗಳು ಗಟ್ಟಿಯಾಗಿಯೇ ಕೇಳಿಸುತ್ತವೆ ಎಂದು ರಾಮನ್ ತೋರಿಸಿದರು. ಕಾರಣ ಬಾಗಿದ ಕುದುರೆಯನ್ನು ತಂತಿ ಸವರುವ ರೀತಿ ಎಂದರು, ತಂಬೂರಿಯ ದಾರದ ಪಾತ್ರವನ್ನೂ ಗುರುತಿಸಿದರು. ಜವಾರಿಯನ್ನು ಮಿರಜದವರು ಕಂಡುಹಿಡಿದರೆಂದು ನಾನು ಹೇಳುತ್ತಿಲ್ಲ, ಅದು ಅವರಿಗಿಂತ ಎಷ್ಟೋ ಹಳೆಯದು. ಹೇಳಬೇಕಾದದ್ದು ಇಷ್ಟು: ಇಪ್ಪತ್ತನೇ ಶತಮಾನದ ಭೌತಶಾಸ್ತ್ರ ವಿವರಿಸಬೇಕಾಗಿ ಬಂದ ಒಂದು ಸೂಕ್ಷ್ಮವನ್ನು ಸಣ್ಣ ಊರಿನ ಅರ ಮತ್ತು ಕಿವಿ ನಿತ್ಯದ ಕೆಲಸವಾಗಿ ನಡೆಸಿಕೊಂಡು ಬಂದಿದ್ದವು. ಇಂಥ ಕೆಲಸವನ್ನು ಬರೀ ಕೈಕೆಲಸ ಎಂದು ಕರೆದು ಕೆಳಗಿನ ಸಾಲಿನಲ್ಲಿ ಕೂರಿಸಿದ್ದು ನಮ್ಮ ಚರಿತ್ರೆಕಾರರ ಅನ್ಯಾಯ.

ತಂಬೂರಿ ಎಂದರೆ ಸೋರೆಬುರುಡೆ ಮತ್ತು ಮರ, ಅದು ಬಡಗಿಯ ವಿದ್ಯೆಗೆ ಹತ್ತಿರ, ಕತ್ತಿಯವರು ಅಲ್ಲಿಗೆ ಬಂದದ್ದು ಆಕಸ್ಮಿಕ, ಅದರಿಂದ ಸಿದ್ಧಾಂತ ಕಟ್ಟಬಾರದು ಎಂದು ಯಾರಾದರೂ ಆಕ್ಷೇಪಿಸಬಹುದು. ಆಕ್ಷೇಪಕ್ಕೆ ತೂಕ ಇದೆ. ಮಿರಜದ ತಂಬೂರಿಯಲ್ಲಿ ಮರಗೆಲಸ ಬಹಳ. ಬುರುಡೆಗಳು ಬರುವುದು ಸೊಲ್ಲಾಪುರ ಜಿಲ್ಲೆಯ ಮಂಗಳವೇಢೆ ಸೀಮೆಯಿಂದ. ಬಸವಣ್ಣನವರ ಜೀವನದ ಆರಂಭದ ವರ್ಷಗಳೊಡನೆ ನಾವು ಕೂಡಿಸಿ ಹೇಳುವ ಮಂಗಳವಾಡ ಅದೇ. ಮರ ಹೆಚ್ಚಾಗಿ ತುನ್, ಅದು ಕರ್ನಾಟಕದ ಕಾಡುಗಳಿಂದ ಹೋಗುತ್ತದೆ. ತಿಂಗಳುಗಟ್ಟಲೆ ಒಣಗಿಸಿದ ಬುರುಡೆಯನ್ನು ಕೊಯ್ದು, ನೀರಲ್ಲಿ ನೆನೆಸಿ, ಒಳಗಿನ ತಿರುಳು ಬೀಜ ತೆಗೆದು, ಕಡ್ಡಿಗಳನ್ನು ಅಡ್ಡ ಕೊಟ್ಟು ಆಕಾರಕ್ಕೆ ತಂದು ಮತ್ತೆ ಒಣಗಿಸುತ್ತಾರೆ. ಮೇಲೆ ಟೊಳ್ಳು ದಂಡಿ, ನಡುವೆ ಕತ್ತಿನ ಜೋಡಣೆ, ಮುಂದೆ ತಬಲಿ, ತುದಿಯಲ್ಲಿ ಖುಂಟಿಗಳು, ಆಮೇಲೆ ಕೆತ್ತನೆ, ಅಂಚಿನ ಕುಸುರಿ, ಪಾಲಿಶ್. ಇದನ್ನೆಲ್ಲ ಒಬ್ಬ ನುರಿತ ಬಡಗಿ ಮಾಡಬಲ್ಲ, ಅನೇಕ ಊರುಗಳ ಬಡಗಿಗಳು ಮಾಡಿದ್ದಾರೆ ಕೂಡ. ಆದರೆ ಗವಾಯಿ ವಾದ್ಯ ಹೊತ್ತು ರಿಪೇರಿಗೆ ಬರುವುದು ಯಾವಾಗ? ಬುರುಡೆ ಒಡೆದಾಗ, ಅದು ಅಪರೂಪಕ್ಕೆ. ಮತ್ತೆ ಮತ್ತೆ ಬರುವುದು ಜವಾರಿ ಹೋದಾಗ. ತಂತಿ ದಿನವೂ ಸವರಿ ಸವರಿ ಕುದುರೆಯ ಮೇಲೆ ಗೆರೆ ಕೊರೆಯುತ್ತದೆ, ಬಾಗು ಕೆಡುತ್ತದೆ, ದನಿ ಕುಗ್ಗುತ್ತದೆ. ಹೆಚ್ಚು ಹಾಡುವ ಮನೆಯ ತಂಬೂರಿಗೆ ಈ ಚಿಕಿತ್ಸೆ ಆಗಾಗ ಬೇಕು. ಮಿರಜದ ಕಸುಬು ರಿಪೇರಿಯಿಂದ ಹುಟ್ಟಿತು ಎಂಬ ನೆನಪು ನಿಜವಾದರೆ, ಅದನ್ನು ಅನುಮಾನಿಸಲು ನನಗೆ ಕಾರಣ ಕಾಣುವುದಿಲ್ಲ, ಆ ಮನೆಗೆ ಮೊದಲು ಬಂದ ಕೆಲಸದ ದೊಡ್ಡ ಪಾಲು ಕುದುರೆಯ ಮೇಲಿನ ಕೆಲಸವೇ ಆಗಿರಬೇಕು. ಬಡಗಿಯನ್ನು ಬಿಟ್ಟು ಶಿಕಲಗಾರನನ್ನು ಹುಡುಕಿದ್ದರಲ್ಲಿ ಆಕಸ್ಮಿಕ ಏನೂ ಇಲ್ಲ. ಇದು ತರ್ಕದಿಂದ ಕಟ್ಟಿದ ಮಾತು, ದಸ್ತಾವೇಜಿನದಲ್ಲ. ಆದರೂ ಕಾಲ, ಕುಲದ ಕಸುಬು, ಉಪಕರಣ, ವಾದ್ಯದ ಅಗತ್ಯ ಈ ನಾಲ್ಕೂ ಒಂದೇ ದಿಕ್ಕಿಗೆ ಬೆರಳು ತೋರುವಾಗ ಅದನ್ನು ಒಪ್ಪದಿರಲು ಬಲವಾದ ಕಾರಣ ಬೇಕು.

ಕನ್ನಡ ನಾಡಿನ ಒಳಗೇ ಈ ಕಸುಬು ಒಂದು ಗೆರೆ ಎಳೆದಿದೆ ಎಂಬುದನ್ನೂ ಗಮನಿಸಬೇಕು. ಮೈಸೂರು ಕಡೆಯ ಕರ್ನಾಟಕ ಸಂಗೀತದವರ ತಂಬೂರಿಗೆ ಬುರುಡೆಯೂ ಮರದ್ದೇ. ಹಲಸಿನ ಮರದಲ್ಲಿ ಕೊರೆದ ಆ ತಂಜಾವೂರು ತಂಬೂರಿಯ ನಾದ ಬೇರೆ. ಧಾರವಾಡ, ಹುಬ್ಬಳ್ಳಿ, ಗದಗ, ಬೆಳಗಾವಿಯ ಗಾಯಕರ ಮನೆಯಲ್ಲಿ ಗೋಡೆಗೆ ಒರಗಿರುವುದು ಸೋರೆಬುರುಡೆಯ ಮಿರಜ ತಂಬೂರಿ. ಉತ್ತರ ಕರ್ನಾಟಕ ಏಕೆ ಹಿಂದೂಸ್ತಾನಿಯ ಕಡೆ ವಾಲಿತು ಎಂಬ ಪ್ರಶ್ನೆಗೆ ಮೈಸೂರಿಗೆ ಹೋಗಿಬರುತ್ತಿದ್ದ ಉಸ್ತಾದರ ದಾರಿ, ಮರಾಠಿ ನಾಟಕ ಕಂಪನಿಗಳ ಪ್ರವಾಸ, ಮುಂಬಯಿ ಪ್ರಾಂತ್ಯದ ಆಡಳಿತ ಎಂದು ಸರಿಯಾದ ಉತ್ತರಗಳನ್ನೇ ಕೊಡುತ್ತಾರೆ. ಆ ಪಟ್ಟಿಗೆ ಇನ್ನೊಂದು ಸೇರಬೇಕು. ಪುಣೆಯಿಂದ ಮಿರಜ, ಬೆಳಗಾವಿ ಮಾರ್ಗವಾಗಿ ಹುಬ್ಬಳ್ಳಿಗೆ ಬರುವ ರೈಲು 19ನೇ ಶತಮಾನ ಮುಗಿಯುವ ಮೊದಲೇ ಓಡತೊಡಗಿತ್ತು, ಆ ದಾರಿಯ ನಟ್ಟನಡುವೆ ವಾದ್ಯ ಮಾಡುವ, ರಿಪೇರಿ ಮಾಡುವ ಊರೊಂದಿತ್ತು. ಕಲಿಯುವವನಿಗೆ ಗುರು ಎಷ್ಟು ಬೇಕೋ ಕೈಗೆಟುಕುವ ವಾದ್ಯವೂ ಅಷ್ಟೇ ಬೇಕು.

ಮಿರಜಕ್ಕೆ ಕೀರ್ತಿ ತಂದದ್ದು ಅಬ್ದುಲ್ ಕರೀಂ ಖಾನರು, ಅವರಂಥ ಕಿವಿ ಇಲ್ಲದಿದ್ದರೆ ಅಲ್ಲಿಯ ತಂಬೂರಿ ಒಂದು ಸಂಸ್ಥಾನದ ಸಾಮಾನ್ಯ ವಾದ್ಯವಾಗಿಯೇ ಉಳಿಯುತ್ತಿತ್ತು ಎಂಬುದು ಇನ್ನೊಂದು ಆಕ್ಷೇಪ, ಮೊದಲಿನದಕ್ಕಿಂತ ಬಲವಾದದ್ದು. ಖಾನ್‌ಸಾಹೇಬರ ಪಾಲನ್ನು ಕಡಿಮೆ ಮಾಡುವ ಉದ್ದೇಶ ನನಗಿಲ್ಲ. 1872ರಲ್ಲಿ ಉತ್ತರದ ಕೈರಾನಾದಲ್ಲಿ ಹುಟ್ಟಿದ ಅವರು ಬಡೋದೆ, ಮುಂಬಯಿ, ಪುಣೆ ಎಲ್ಲ ತಿರುಗಿ ಕೊನೆಯ ವರ್ಷಗಳಲ್ಲಿ ಮಿರಜದಲ್ಲಿ ನೆಲೆಸಿದರು. 1937ರಲ್ಲಿ ಪ್ರಯಾಣದ ನಡುವೆ ತಮಿಳುನಾಡಿನ ಒಂದು ರೈಲು ನಿಲ್ದಾಣದಲ್ಲಿ ತೀರಿಕೊಂಡಾಗ ದೇಹವನ್ನು ತಂದು ಮಣ್ಣು ಮಾಡಿದ್ದು ಮಿರಜದ ಮೀರಾಸಾಹೇಬರ ದರ್ಗಾದಲ್ಲೇ. ಅವರು ಬೀನ್ ನುಡಿಸಬಲ್ಲವರು, ವಾದ್ಯ ರಿಪೇರಿಯಲ್ಲಿ ಸ್ವತಃ ಕೈ ಪಳಗಿದ್ದವರು. ಸಾಂಗಲಿಯ ಕೆ.ಬಿ. ದೇವಲ್ 1910ರಲ್ಲಿ ಇಪ್ಪತ್ತೆರಡು ಶ್ರುತಿಗಳ ಬಗ್ಗೆ ಪುಸ್ತಕ ಪ್ರಕಟಿಸಿದರು. ಅವರೂ ಜಿಲ್ಲಾ ನ್ಯಾಯಾಧೀಶರಾಗಿದ್ದ ಕ್ಲೆಮೆಂಟ್ಸ್ ಅವರೂ ನಡೆಸಿದ ಶ್ರುತಿಗಳ ಅಳತೆಗೆ ನೆರವಾದದ್ದು ಖಾನ್‌ಸಾಹೇಬರ ಕಂಠ ಮತ್ತು ಕಿವಿ. ಒಂದೊಂದೇ ಸ್ವರದ ಮೇಲೆ ನಿಂತು ಅದರ ಒಳಗನ್ನೆಲ್ಲ ತೋರಿಸುತ್ತ ಸಾಗುವ, ಅವರ ಕಿರಾಣಾ ಘರಾಣೆಯ ಆಲಾಪಕ್ಕೆ ತಂಬೂರಿಯಲ್ಲಿ ಎಳ್ಳಷ್ಟು ಊನ ಇದ್ದರೂ ಸಾಗುವುದಿಲ್ಲ, ಅಂಥ ಗಿರಾಕಿ ಎದುರು ಕೂತಾಗ ಕುಶಲಕರ್ಮಿಯ ಕೈ ಇನ್ನಷ್ಟು ಹದಗೊಂಡಿತು ಎಂಬುದನ್ನು ಒಪ್ಪುತ್ತೇನೆ. ಆದರೆ ವರ್ಷಗಳನ್ನು ಎದುರುಬದುರು ಇಟ್ಟು ನೋಡಿ. ಖಾನ್‌ಸಾಹೇಬರು ಹುಟ್ಟುವ ಹೊತ್ತಿಗೆ ಮಿರಜದ ವಾದ್ಯದ ಕಸುಬಿಗೆ ಇಪ್ಪತ್ತು ವರ್ಷ ಆಗಿಹೋಗಿತ್ತು. ಅವರು ಅಲ್ಲಿ ನೆಲೆ ನಿಲ್ಲುವ ಹೊತ್ತಿಗೆ ಅದು ಕೆಲವು ತಲೆಮಾರು ಕಂಡಿತ್ತು. ಕೀರ್ತಿ ಅವರಿಂದ ಹರಡಿತು, ಅವರು ಬಂದು ಹುಡುಕಿಕೊಂಡ ನಾದ ಮಾತ್ರ ಅಲ್ಲಿ ಆಗಲೇ ಇತ್ತು.

ಇನ್ನೂ ಒಂದು ದಾರಿಯಿಂದ ಈ ನಾದ ಪುಣೆ ಸೇರಿತು, ಅದನ್ನು ಕಿರಾಣಾ ಅಭಿಮಾನಿಗಳು ಮರೆಯುವುದುಂಟು. ಗ್ವಾಲಿಯರ್ ಗಾಯಕಿಯನ್ನು ದಕ್ಷಿಣಕ್ಕೆ ತಂದ ಬಾಳಕೃಷ್ಣಬುವಾ ಇಚಲಕರಂಜೀಕರರು ಮಿರಜದಲ್ಲಿ ಆಶ್ರಯ ಪಡೆದು ಪಾಠ ಹೇಳುತ್ತಿದ್ದರು. ಕುರುಂದವಾಡದ ಹುಡುಗ ವಿಷ್ಣು ದಿಗಂಬರ ಪಲುಸ್ಕರ್ ಕಲಿತದ್ದು ಅವರಲ್ಲಿ, ಆ ಊರಿನಲ್ಲಿ. 1901ರಲ್ಲಿ ಲಾಹೋರಿನಲ್ಲಿ ಗಾಂಧರ್ವ ಮಹಾವಿದ್ಯಾಲಯ ತೆರೆದ ಪಲುಸ್ಕರರು ಸಂಗೀತವನ್ನು ದರಬಾರಿನಿಂದ ತರಗತಿಗೆ ತಂದರು. ಮಿರಜದಲ್ಲೇ ಹುಟ್ಟಿದ ಅವರ ಶಿಷ್ಯ ವಿನಾಯಕರಾವ್ ಪಟವರ್ಧನರು 1932ರಲ್ಲಿ ಅದೇ ಹೆಸರಿನ ವಿದ್ಯಾಲಯವನ್ನು ಪುಣೆಯಲ್ಲಿ ಆರಂಭಿಸಿದರು. ಮಿರಜದಲ್ಲೇ ಹುಟ್ಟಿದ ಹಿರಾಬಾಯಿ ಬಡೋದೇಕರ್ ಪುಣೆಯಲ್ಲಿ ನೆಲೆಸಿ, ಸಭಿಕರು ಟಿಕೆಟ್ ಕೊಂಡು ಬರುವ ಕಚೇರಿಯಲ್ಲಿ ಹೆಂಗಸರೂ ಗೌರವದಿಂದ ಹಾಡುವ ದಾರಿ ಮಾಡಿದರು. ಕುಶಲಕರ್ಮಿಯ ಕಡೆಯಿಂದ ನೋಡಿದರೆ ಈ ಬದಲಾವಣೆಯ ಅರ್ಥ ಬಹಳ ದೊಡ್ಡದು. ಉಸ್ತಾದ ಒಂದು ಜೋಡಿ ತಂಬೂರಿ ಇಟ್ಟುಕೊಂಡು ಬದುಕೆಲ್ಲ ಅದರಲ್ಲೇ ಕಳೆಯುತ್ತಾನೆ. ಶಾಲೆಗೆ ಹಲವು ಬೇಕು, ಕಲಿಯುವ ಪ್ರತಿ ಮಗುವಿನ ಮನೆಗೂ ಒಂದು ಬೇಕು. ಸದಾಶಿವ ಪೇಟೆ, ನಾರಾಯಣ ಪೇಟೆಯ ಮಧ್ಯಮವರ್ಗದ ಮನೆಗಳಲ್ಲಿ ಮಗಳಿಗೆ ಹಾಡು ಕಲಿಸುವ ಆಸೆ ಹುಟ್ಟಿದಾಗ, ದೊರೆಯ ಕೃಪೆಯ ಮೇಲೆ ನಿಂತಿದ್ದ ಮಿರಜದ ಕಸುಬು ಮಾರುಕಟ್ಟೆಯ ಮೇಲೆ ನಿಲ್ಲುವಂತಾಯಿತು. 1948ರಲ್ಲಿ ಪಟವರ್ಧನ ಸಂಸ್ಥಾನಗಳು ಮುಂಬಯಿ ಪ್ರಾಂತ್ಯದಲ್ಲಿ ಕರಗಿ ಹೋದವು. ಎಷ್ಟೋ ಸಂಸ್ಥಾನಗಳ ಕುಶಲ ಕಸುಬುಗಳು ದೊರೆಯ ಜೊತೆಗೇ ಮುಗಿದವು. ಮಿರಜದ್ದು ಮುಗಿಯಲಿಲ್ಲ. ಪುಣೆಯಂಥ ನಗರಗಳು ಅದರ ಹೊಸ ದೊರೆಗಳಾಗಿದ್ದವು.

ಪುಣೆ ಮತ್ತು ಮಿರಜದ ನಂಟು ಒಂದು ಸಲ ಕೊಂಡು ಮುಗಿಯುವ ವ್ಯಾಪಾರವಾಗದಿರಲು ಕಾರಣವೂ ಜವಾರಿಯೇ. ಮಿರಜದವರು ಅರ, ಸಾಣೆ, ತಂತಿಸುರುಳಿ ಕಟ್ಟಿಕೊಂಡು ಊರೂರಿಗೆ ಹೋಗಿ ವಾದ್ಯಗಳಿಗೆ ಜವಾರಿ ತೆಗೆದು ಬರುವುದು ಹಳೆಯ ರೂಢಿ. ಗಾಯಕನ ಕಂಠ, ಅವನ ಶ್ರುತಿ, ತಂಬೂರಿ ಎಷ್ಟು ತೆರೆದು ನುಡಿಯಬೇಕು ಎಷ್ಟು ಗುಂಡಾಗಿ ನುಡಿಯಬೇಕು ಎಂಬ ಅವನ ರುಚಿ, ಇವನ್ನು ತಿಳಿದು ಕೈ ಆಡಿಸಬೇಕು. ಒಬ್ಬನಿಗೆ ಹಿತವಾದ ಜವಾರಿ ಇನ್ನೊಬ್ಬನಿಗೆ ಒರಟು. ಹೀಗಾಗಿ ವಾದ್ಯ ಮಾಡಿದವನ ಮನೆಗೂ ಹಾಡುವವನ ಮನೆಗೂ ತಲೆಮಾರುಗಳ ಬಳಕೆ ಬೆಳೆಯುತ್ತದೆ. ಪ್ರತಿ ಡಿಸೆಂಬರಿನಲ್ಲಿ ಸವಾಯಿ ಗಂಧರ್ವ ಉತ್ಸವಕ್ಕೆ ಸೇರುವ ಸಾವಿರಾರು ಜನ ವೇದಿಕೆಯ ಮೇಲೆ ಶ್ರುತಿ ಕೂಡಿಸುವುದನ್ನು ಗಾಯನ ಶುರುವಾಗುವ ಮುಂಚಿನ ಕಾಯುವ ಹೊತ್ತು ಎಂದು ತಿಳಿಯುತ್ತಾರೆ. ಕಿರಾಣಾದವರು ಹಾಗೆ ತಿಳಿದದ್ದಿಲ್ಲ. ತಂಬೂರಿ ಕೂಡಿತೆಂದರೆ ಅರ್ಧ ಗಾಯನ ಆದಂತೆ ಎಂಬುದು ಅವರ ನಂಬಿಕೆ. ಆ ಅರ್ಧದಲ್ಲಿ ಗಾಯಕ ಖುಂಟಿ ತಿರುಗಿಸಿ ಕೊಡುವ ಪಾಲು ಎಷ್ಟು, ಮಿರಜದ ಕೈ ಮೊದಲೇ ಇಟ್ಟುಬಿಟ್ಟಿದ್ದ ಪಾಲು ಎಷ್ಟು ಎಂದು ಕೇಳಿದರೆ ಫರೀದಸಾಹೇಬರ ನಿಜವಾದ ಆಸ್ತಿಯ ಅಂದಾಜು ಸಿಗುತ್ತದೆ.

ಇದೆಲ್ಲ ಹಳೆಯ ಮಾತು, ಈಗ ಪೆಟ್ಟಿಗೆ ತಂಬೂರಿ ಇದೆ, ಮೊಬೈಲಿನಲ್ಲೇ ತಂಬೂರಿ ಇದೆ ಎನ್ನುವವರಿಗೂ ಉತ್ತರ ಹೇಳಬೇಕು. 1979ರಲ್ಲಿ ಬೆಂಗಳೂರಿನಲ್ಲಿ ಜಿ. ರಾಜನಾರಾಯಣ್ ರೂಪಿಸಿದ ಎಲೆಕ್ಟ್ರಾನಿಕ್ ತಂಬೂರಿ ಲಕ್ಷಾಂತರ ಕಲಿಯುವವರಿಗೆ ಉಪಕಾರ ಮಾಡಿದೆ. ಒಂಟಿಯಾಗಿ ಕೂತು ಅಭ್ಯಾಸ ಮಾಡುವವರಿಗೆ, ಬಸ್ಸಿನಲ್ಲಿ ಓಡಾಡುವವರಿಗೆ, ತಂಬೂರಿ ಕೊಳ್ಳುವ ಶಕ್ತಿ ಇಲ್ಲದವರಿಗೆ ಅದು ದೊಡ್ಡ ಆಸರೆ, ಅದನ್ನು ಹಳಿಯುವುದು ತಪ್ಪು. ಆದರೆ ಆ ಯಂತ್ರ ಏನನ್ನು ಅನುಕರಿಸುತ್ತದೆ ಎಂದು ನೋಡಿದರೆ ನನ್ನ ವಾದಕ್ಕೆ ಇನ್ನೊಂದು ಸಾಕ್ಷಿ ಸಿಗುತ್ತದೆ. ನಾಲ್ಕು ಸ್ವರ ಹುಟ್ಟಿಸುವುದು ಯಂತ್ರಕ್ಕೆ ಕಷ್ಟವಲ್ಲ. ಕಷ್ಟವಾದದ್ದು, ಇಂದಿಗೂ ಯಂತ್ರಗಳು ಪೈಪೋಟಿಯ ಮೇಲೆ ಸಾಧಿಸಲು ಹೆಣಗುತ್ತಿರುವುದು, ಜವಾರಿಯ ಆ ಅರಳುವಿಕೆಯನ್ನು. ಅದಕ್ಕಾಗಿ ಹೊಸ ಸಾಧನಗಳು ನಿಜವಾದ ತಂಬೂರಿಯ ದನಿಯನ್ನೇ ಮುದ್ರಿಸಿಕೊಂಡು ಬಳಸುತ್ತವೆ. ಅಳಿಸಿಹೋಯಿತು ಎನ್ನುವ ಕೈಕೆಲಸವೇ ಯಂತ್ರಕ್ಕೆ ಮಾದರಿಯಾಗಿ ಕೂತಿದೆ.

ಹಾಗೆಂದು ಮಿರಜದ ಸ್ಥಿತಿ ಚೆನ್ನಾಗಿದೆ ಎನ್ನುವಂತಿಲ್ಲ. ಅಗ್ಗದ ಯಂತ್ರಗಳ ಎದುರು, ಬೇರೆಡೆ ಮಾಡಿ ಮಿರಜದ ಹೆಸರಲ್ಲಿ ಮಾರುವ ವಾದ್ಯಗಳ ಎದುರು ಅಲ್ಲಿನ ಮನೆತನಗಳು ಹಲವು ವರ್ಷದಿಂದ ಸೆಣಸುತ್ತಿವೆ. 2024ರ ಮಾರ್ಚ್ 30ರ ಪ್ರಮಾಣಪತ್ರಗಳ ಮೂಲಕ ಭೌಗೋಳಿಕ ಗುರುತು ಸಿಕ್ಕಿತು. ಸಿತಾರಿಗೆ ಮಿರಜ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ಸ್ ಕ್ಲಸ್ಟರ್, ತಂಬೂರಿಗೆ ಸೋಲ್‌ಟ್ಯೂನ್ ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಪ್ರೊಡ್ಯೂಸರ್ ಸಂಸ್ಥೆ ಅದನ್ನು ಪಡೆದವು. ಹೆಸರಿನ ಕಳವು ಇದರಿಂದ ಕಡಿಮೆಯಾಗಬಹುದು, ಅಷ್ಟರ ಮಟ್ಟಿಗೆ ಇದು ಬಹುಕಾಲದಿಂದ ಬಾಕಿಯಿದ್ದ ನ್ಯಾಯ. ಆದರೆ ಇಂಥ ಗುರುತು ಕಾಪಾಡುವುದು ಮಾರಾಟಕ್ಕೆ ಬರುವ ವಸ್ತುವನ್ನು. ಫರೀದಸಾಹೇಬರಿಂದ ಬಂದದ್ದರಲ್ಲಿ ವಸ್ತುವಿಗಿಂತ ದುರಸ್ತಿ ದೊಡ್ಡದು: ಪುಣೆಯ ಒಂದು ಮನೆಯಲ್ಲೋ ಸಭಾಂಗಣದ ಹಿಂದಿನ ಕೋಣೆಯಲ್ಲೋ ಹಳೆಯ ತಂಬೂರಿಯ ಕುದುರೆಯನ್ನು ಮತ್ತೆ ಮಾತಾಡಿಸುವ ಕೆಲಸ. ಅದಕ್ಕೆ ಯಾವ ಮುದ್ರೆಯೂ ಇಲ್ಲ, ದರವೂ ಗೊತ್ತಾದದ್ದಲ್ಲ, ಕಲಿಯಲು ಬೇಕಾದ ವರ್ಷಗಳಿಗೆ ತಕ್ಕ ಸಂಪಾದನೆಯೂ ಇಲ್ಲ. ಪುಣೆಯ ಸಂಗೀತ ಸಂಸ್ಥೆಗಳು ಗಾಯಕ ವಿದ್ಯಾರ್ಥಿಗಳಿಗೆ ಶಿಷ್ಯವೇತನ ಕೊಡುತ್ತವೆ. ಜವಾರಿ ಕಲಿಯಲು ಮಿರಜದ ಒಬ್ಬ ಹುಡುಗ ಮುಂದೆ ಬಂದರೆ ಅವನಿಗೂ ಅದೇ ಸಾಲಿನಲ್ಲಿ, ಅದೇ ಮೊತ್ತದ ಶಿಷ್ಯವೇತನ ಸಿಗಬೇಕು. ಧಾರವಾಡದ ಸಂಸ್ಥೆಗಳು ಆ ಖರ್ಚಿನ ಪಾಲು ಹೊತ್ತರೆ ಅದು ಪುಣೆಗೆ ಮಾಡುವ ಉಪಕಾರವಲ್ಲ, ಉತ್ತರ ಕರ್ನಾಟಕದ ಗಾಯಕರೆಲ್ಲ ಮಿರಜಕ್ಕೆ ಉಳಿಸಿಕೊಂಡಿರುವ ಬಾಕಿ.